ಎಡಗೈಯ ಸ್ಟಾಪ್‌ವಾಚು

ಮೊದಲ ಸಲ ನೋಡಿದಾಗ ಅವರ ಎರಡು ಕೈಯಲ್ಲೂ ಒಂದೊಂದು ಸ್ಟಾಪ್‌ವಾಚ್ ಇತ್ತು. ಭಾನುವಾರ ಸಂಜೆ ನಾಲ್ಕೂವರೆ, ಕೊಡಿಗೇಹಳ್ಳಿಯ ಹಳೇ ಊರಿನಲ್ಲಿ ಅವರ ಮನೆಯ ಟೆರೇಸು. ಮೇಲೆ ತಗಡಿನ ಶೀಟು, ಕತ್ತಲು ಮಾಡಲೆಂದು ಸುತ್ತಲೂ ನೀಲಿ ಟಾರ್ಪಾಲು, ಎದುರಿನ ಗೋಡೆಗೆ ಬಿಗಿದ ಬಿಳಿ ಬೆಡ್‌ಶೀಟು. ಅದರ ಮೇಲೆ ಒಂದು ಸಾಕ್ಷ್ಯಚಿತ್ರ ಓಡುತ್ತಿತ್ತು. ಯಾವುದೋ ದೂರದ ದೇಶದ್ದು. ಹೂವಿನಂಗಡಿಯಲ್ಲಿ ಕೆಲಸ ಮಾಡುವ, ಡೌನ್ ಸಿಂಡ್ರೋಮ್ ಇರುವ ಹುಡುಗಿಯೊಬ್ಬಳ ಕಥೆ. ಹನ್ನೆರಡು ಹದಿಮೂರು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಹೆಚ್ಚಿನವರು ಅಂಥ ಮಕ್ಕಳ ತಂದೆ ತಾಯಂದಿರು. ಇವರೊಬ್ಬರು ಕೂತಿರಲಿಲ್ಲ. ಹಿಂದುಗಡೆ ಗೋಡೆಯಿಂದ ಗೋಡೆಗೆ ನಡೆಯುತ್ತ ಒಮ್ಮೆ ಬಲ ಹೆಬ್ಬೆರಳು, ಒಮ್ಮೆ ಎಡ ಹೆಬ್ಬೆರಳು ಒತ್ತುತ್ತಿದ್ದರು. ಆ ಟಿಕ್ ಟಿಕ್ ಸದ್ದಿಗೆ ನನಗೆ ಸಿನಿಮಾ ನೋಡುವುದಕ್ಕೇ ಆಗಲಿಲ್ಲ.

ಚಿತ್ರ ಮುಗಿಯಿತು. ಟಾರ್ಪಾಲು ಸರಿಸಿದರು. ಅವರು ಮುಂದೆ ಬಂದು, ಶಾಲೆಯ ಕ್ರೀಡಾಕೂಟದಲ್ಲಿ ಫಲಿತಾಂಶ ಓದುವ ಧಾಟಿಯಲ್ಲಿ ಹೇಳಿದರು: "ಒಟ್ಟು ಐವತ್ತು ನಿಮಿಷ. ಎಡಗೈ ವಾಚು, ಅಂದ್ರೆ ಅಮ್ಮ, ಡಾಕ್ಟ್ರು, ಅಂಗಡಿ ಓನರ್ರು, ಹಿಂದ್ಗಡೆಯಿಂದ ಮಾತಾಡೋ ಆ ದಪ್ಪ ದನಿ, ಎಲ್ಲಾ ಸೇರಿ ಆ ಹುಡುಗಿ ಬಗ್ಗೆ ಮಾತಾಡಿದ್ದು ಮೂವತ್ತೆರಡು ನಿಮಿಷ. ಬಲಗೈ ವಾಚು, ಆ ಹುಡುಗಿ ತಾನೇ ಮಾತಾಡಿದ್ದು ಎರಡು ನಿಮಿಷ ಹನ್ನೊಂದು ಸೆಕೆಂಡು. ಅದ್ರಲ್ಲಿ ಒಂದು ನಿಮಿಷ ಹಾಡು."

ನಾನು ಕೈ ಎತ್ತಿದೆ. ಅಭ್ಯಾಸಬಲ. ಹೈಸ್ಕೂಲಿನಿಂದ ಡಿಗ್ರಿಯವರೆಗೆ ಚರ್ಚಾಸ್ಪರ್ಧೆಗಳಲ್ಲಿ ಚೀಟಿ ಎತ್ತಿ, ಪರ ಬಂದರೆ ಪರ, ವಿರೋಧ ಬಂದರೆ ವಿರೋಧ ವಾದಿಸಿ ಬೆಳೆದವಳು ನಾನು. ಯಾರಾದರೂ ತೀರ್ಪು ಕೊಟ್ಟಂತೆ ಮಾತಾಡಿದರೆ ನನ್ನ ನಾಲಿಗೆ ತುರಿಸುತ್ತದೆ.

"ಮೇಡಮ್, ಇದು ಅಳತೆನೇ ಅಲ್ಲ. ಸಿನಿಮಾದಲ್ಲಿ ಮುಖಾನೂ ಮಾತಾಡತ್ತೆ. ಮಾತನ್ನ ಸೆಕೆಂಡ್‌ನಲ್ಲಿ ಅಳೆಯೋದಾದ್ರೆ ಮಾತು ಬಾರದವರ ಬಗ್ಗೆ ಯಾರೂ ಸಿನಿಮಾ ತೆಗೆಯೋ ಹಾಗೇ ಇಲ್ಲ."

"ಯಾರಮ್ಮ ನೀನು?"

"ಹೆಬ್ಬಾಳದ ಒಂದು ಡಾಕ್ಯುಮೆಂಟರಿ ಕಂಪನಿಯಿಂದ ಬಂದಿದೀನಿ. ರಿಸರ್ಚ್ ಮಾಡೋಕೆ."

"ಯಾರ ಬಗ್ಗೆ?"

"ನಿಮ್ಮ ತಮ್ಮನ ಬಗ್ಗೆ."

"ಅವರು ಬೀದಿ ತುದಿ ಬೇಕರೀಲಿ ಇದಾರೆ. ನನ್ ಹತ್ರ ಯಾಕೆ ಕೈ ಎತ್ತಿದೆ?"

ಜನ ನಕ್ಕರು. ನಾನು ಕೈ ಇಳಿಸಿದೆ. ಅವರು ನಗಲಿಲ್ಲ, ಎಡಗೈಯ ವಾಚನ್ನು ನನ್ನ ಕಡೆ ಚಾಚಿದರು. "ಮುಂದಿನ ಭಾನುವಾರ ಇದನ್ನ ನೀನು ಹಿಡಿ. ಹಿಡಿದ್ಮೇಲೆ ವಾದ ಮಾಡು."

ಹಾಗೆ ಶುರುವಾಯಿತು. ಒಂದೂವರೆ ವರ್ಷ ನಾನು ಎಡಗೈ ವಾಚು ಹಿಡಿದೆ.

ಸರ್ಕಾರಿ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಿ.ಟಿ. ಟೀಚರಾಗಿದ್ದು ನಿವೃತ್ತರಾದವರು ಅವರು. ಊರಿನವರಿಗೆಲ್ಲ ಪಿ.ಟಿ. ಮೇಡಮ್. ಇಲ್ಲೂ ಹಾಗೇ ಕರೆಯುತ್ತೇನೆ. ಸೀರೆಯ ಕೆಳಗೆ ಕ್ಯಾನ್ವಾಸ್ ಶೂ, ಕೊರಳಲ್ಲಿ ಸೀಟಿ. ನಿವೃತ್ತರಾದ ಮೇಲೆ ಸೀಟಿ ಯಾಕೆ ಎಂದು ಕೇಳಿದ್ದಕ್ಕೆ "ಕೊಡಿಗೇಹಳ್ಳಿ ಗೇಟ್ ದಾಟೋಕೆ" ಎಂದಿದ್ದರು. ನಿಜಕ್ಕೂ ಊದುತ್ತಿದ್ದರು, ಆಟೋಗಳು ನಿಲ್ಲುತ್ತಿದ್ದವು. ಕೂತು ಮಾತಾಡಿದ್ದನ್ನು ನಾನು ನೋಡಿದ್ದು ಒಂದೇ ಸಲ, ಅದು ಕ್ಯಾಮೆರಾದ ಎದುರಿಗೆ. ಅದರ ವಿಷಯ ಮುಂದೆ ಬರುತ್ತದೆ.

ಮದುವೆಯಾಗಲಿಲ್ಲ. ತಂದೆಯ ಜಮೀನು ಲೇಔಟಾಗಿ ಹೋದ ಮೇಲೆ ಉಳಿದದ್ದು ಹಳೇ ಊರಿನ ಈ ಮನೆ. ಕೆಳಗಿನ ಅರ್ಧದಲ್ಲಿ ಬಾಡಿಗೆಗೆ ಶಾಹಿದಾ ಆಪಾ ಮತ್ತು ಅವರ ಮನೆಯವರು. ಇನ್ನರ್ಧದಲ್ಲಿ ಮೇಡಮ್ ಮತ್ತು ಅವರ ತಮ್ಮ ಮುನಿರಾಜು. ಮುನಿರಾಜು ಅವರಿಗೆ ಆಗ ನಲವತ್ತೈದು. ಡೌನ್ ಸಿಂಡ್ರೋಮ್ ಇದೆ. ಬೀದಿಯ ತುದಿಯ ಬೇಕರಿಯಲ್ಲಿ ಕೇಕಿನ ಡಬ್ಬ ಮಡಚುವ ಕೆಲಸ. ಬೆಳಿಗ್ಗೆ ಹತ್ತರಿಂದ ಒಂದು, ಮತ್ತೆ ನಾಲ್ಕರಿಂದ ಏಳು. ತಡವಾದರೆ ಓನರ್ ಬೈಯುವುದಿಲ್ಲ. ಓನರ್ ತಡವಾಗಿ ಬಂದರೆ ಇವರು ಬೈಯುತ್ತಾರೆ.

ಅಕ್ಕ ಟೆರೇಸಿನಲ್ಲಿ ತೋರಿಸುತ್ತಿದ್ದ ಸಿನಿಮಾಗಳ ಬಗ್ಗೆ ಅವರಿಗೆ ಒಂದೇ ಪ್ರಶ್ನೆ. ಮೆಟ್ಟಿಲ ಮೇಲಿಂದ ತಲೆ ಹಾಕಿ ಕೇಳುವರು: "ಫೈಟ್ ಐತಾ?"

"ಇಲ್ಲ ಕಣೋ."

"ಅಂಗಾದ್ರೆ ನಾ ಓಯ್ತೀನಿ."

ಹಳೇ ಊರಿನವರ ಹಾಗೆ ಅವರ ಮಾತಿನಲ್ಲಿ ಹಕಾರ ಇಲ್ಲ. ಮೇಡಮ್ ಟೀಚರಾಗಿ ಶಾಲೆ ಸೇರಿದ ಮೇಲೆ ಹಕಾರ ಗಳಿಸಿಕೊಂಡಿದ್ದರು. ಸಿಟ್ಟು ಬಂದಾಗ ಕಳೆದುಕೊಳ್ಳುತ್ತಿದ್ದರು.

ಮೇಡಮ್ ಸಿನಿಮಾಗಳಿಗೆ ಹೆಸರಿಡುವ ರೀತಿ ವಿಚಿತ್ರವಾಗಿತ್ತು. "ಕೊಳಲು ಸಿನಿಮಾ" ಅಂದರೆ, ಮಗು ನಿಧಾನವಾಗಿ ಓಡುತ್ತ ಬರುವಾಗ ಹಿನ್ನೆಲೆಯಲ್ಲಿ ಕೊಳಲು ಅಳುವಂಥದ್ದು. ಕೊಳಲು ಶುರುವಾದ ತಕ್ಷಣ ತಾಯಂದಿರಲ್ಲಿ ಯಾರಾದರೂ ಮೂಗು ಎಳೆದರೆ ಮೇಡಮ್ ಸೀಟಿ ಊದುವರು. "ಅಳೋರು ಕೆಳಗೆ ಹೋಗಿ ಅತ್ತು, ನೀರು ಕುಡಿದು ಬನ್ನಿ. ಕೊಳಲು ಊದಿದ್ರೆ ಇಡ್ಲಿ ಪಾತ್ರೆ ನೋಡಿದ್ರೂ ಅಳು ಬರತ್ತೆ." ಇನ್ನೊಂದು "ಪದಕದ ಸಿನಿಮಾ": ಹುಡುಗ ಈಜುತ್ತಾನೆ, ಗೆಲ್ಲುತ್ತಾನೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಪಿ.ಟಿ. ಟೀಚರಿಗೆ ಇದು ಇಷ್ಟವಾಗಬೇಕಲ್ಲ ಎಂದು ನಾನು ಅಂದುಕೊಂಡಿದ್ದೆ.

"ಮೂವತ್ತು ವರ್ಷ ಮಕ್ಕಳನ್ನ ಓಡಿಸಿದೀನಿ. ಒಂದು ಹೀಟ್‌ನಲ್ಲಿ ಎಂಟು ಜನ ಓಡ್ತಾರೆ. ಗೆದ್ದೋನ ಸಿನಿಮಾ ಆಯ್ತು. ಮಿಕ್ಕ ಏಳು ಜನದ್ದು ಎಲ್ಲಮ್ಮ?"

"ಸೋತವರ ಸಿನಿಮಾ ಯಾರು ನೋಡ್ತಾರೆ ಮೇಡಮ್?"

"ಸೋತೋರು ಅಂತ ಯಾರಂದ್ರು? ಓಡಿದೋರು ಅಂದೆ."

ಇಂಥ ಜಾಗದಲ್ಲಿ ಅವರು ನನ್ನನ್ನು ಸಿಕ್ಕಿಸುತ್ತಿದ್ದರು. ವಾದದಲ್ಲಿ ಎದುರಾಳಿ ನಿಮ್ಮ ಬಾಯಲ್ಲಿ ಇಡುವ ಪದವನ್ನು ನುಂಗಬಾರದು ಎಂದು ನನಗೆ ಕಲಿಸಿದ್ದು ನನ್ನ ಕಾಲೇಜಲ್ಲ, ಈ ಟೆರೇಸು.

ಅವರು ಮೆಚ್ಚಿದ ಸಿನಿಮಾ ಒಂದೇ ಒಂದು. ಅದರಲ್ಲಿ ಡೌನ್ ಸಿಂಡ್ರೋಮ್ ಇರುವ ಯುವತಿಯೊಬ್ಬಳು ಊಟದ ಮೇಜಿನಲ್ಲಿ ಅಪ್ಪನ ಮೇಲೆ ಸಿಟ್ಟಾಗಿ ತಟ್ಟೆ ಎತ್ತಿ ಗೋಡೆಗೆ ಎಸೆಯುತ್ತಾಳೆ. ಕಾರಣ ದೊಡ್ಡದೇನಲ್ಲ, ಅಪ್ಪ ಅವಳ ಮಾಂಸವನ್ನು ಅವಳನ್ನು ಕೇಳದೆ ತುಂಡು ಮಾಡಿ ಕೊಟ್ಟಿದ್ದ. ಅವತ್ತು ಬೇಕರಿಗೆ ರಜೆ. ಮುನಿರಾಜು ಬಾಗಿಲಲ್ಲಿ ನಿಂತಿದ್ದವರು ಒಳಗೆ ಬಂದು ಮುಂದಿನ ಸಾಲಿನಲ್ಲಿ ಕೂತರು. "ತಟ್ಟೆ ಸೀನ್ ಆಕು," ಅಂದರು. ಹಾಕಿದೆವು. "ಇನ್ನೊಂದ್ ಕಿತ." ಏಳು ಸಲ ಹಾಕಿದೆವು. ಏಳನೇ ಸಲ ಮುಗಿದ ಮೇಲೆ ಎದ್ದು ಅಂಗಿ ಸರಿಮಾಡಿಕೊಂಡು ಕೆಳಗೆ ಹೋದರು. ಮೇಡಮ್ ಎರಡೂ ವಾಚುಗಳನ್ನು ಸೊನ್ನೆಗೆ ತಂದು ನನಗೆ ಹೇಳಿದರು: "ಬರ್ಕೋ. ಇದು ವಿಮರ್ಶೆ."

ಮುನಿರಾಜು ಅವರನ್ನು ನಾನು ಇಲ್ಲಿ ಬಹುವಚನದಲ್ಲಿ ಕರೆಯುತ್ತಿರುವುದಕ್ಕೂ ಮೇಡಮ್ ಕಾರಣ. ಒಮ್ಮೆ ಬೇಕರಿಯಲ್ಲಿ ಹೆಂಗಸೊಬ್ಬರು "ಮರಿ, ಒಂದು ಡಬ್ಬ ಕೊಡು ಪುಟ್ಟಾ" ಎಂದರು. ಬನ್ನು ಕೊಳ್ಳುತ್ತಿದ್ದ ಮೇಡಮ್ ತಿರುಗಿ, "ಮರಿ ಅಲ್ಲ ಕಣ್ರೀ, ಮುನಿರಾಜು ಅವರು. ನಿಮ್ಮ ಯಜಮಾನ್ರಿಗಿಂತ ಎರಡು ವರ್ಷ ದೊಡ್ಡೋರೇ ಇರ್ಬೇಕು," ಅಂದರು. ಆಕೆ ಡಬ್ಬ ತೆಗೆದುಕೊಂಡು ಹೋದರು. ಅದೇ ಉಸಿರಿನಲ್ಲಿ ಮೇಡಮ್ ತಮ್ಮನ ಕಡೆ ತಿರುಗಿ, "ಲೋ ಮುನಿ, ಗುಂಡಿ ಹಾಕ್ಕೊಳೋ," ಅಂದರು.

"ಇದು ಎರಡು ನಾಲಿಗೆ ಅಲ್ವಾ ಮೇಡಮ್?"

"ಅಕ್ಕಂಗೆ ಒಂದು ನಾಲಿಗೆ, ಬೀದಿಗೆ ಒಂದು. ನಿಮ್ಮನೇಲಿ ನಿನ್ನ ಏನಂತಾರೆ?"

"ಗುಬ್ಬಿ."

"ನಾನೂ ಹಾಗೇ ಕರೀಲಾ?"

ಬೇಡ ಎಂದೆ. ಅಂದಿನಿಂದ ನನ್ನನ್ನು "ಡಿಬೇಟು" ಎಂದು ಕರೆದರು. ಅದಕ್ಕೆ ನನ್ನ ಒಪ್ಪಿಗೆ ಕೇಳಲಿಲ್ಲ. ನಾನು ಅದನ್ನು ಎತ್ತಿ ತೋರಿಸಿದೆ. "ಹೌದಲ್ಲ," ಅಂದು ಮತ್ತೆ ಅದನ್ನೇ ಕರೆದರು.

ನಮ್ಮ ಡೈರೆಕ್ಟರ್ ಕೆಟ್ಟವರಲ್ಲ. ಕೊಳಲಿನ ಮೇಲೆ ಮಾತ್ರ ಸ್ವಲ್ಪ ಆಸೆ ಇತ್ತು. ಸುಮಾರು ಒಂದು ವರ್ಷ ಬೆನ್ನುಬಿದ್ದ ಮೇಲೆ ಮೇಡಮ್ ಶೂಟಿಂಗಿಗೆ ಒಪ್ಪಿದರು. ಒಪ್ಪಿದ್ದು ಅಂದರೆ, "ಅವನನ್ನ ಕೇಳಿ," ಅಂದರು. ಮುನಿರಾಜು ಯೋಚಿಸಿ, "ಡಬ್ಬ ತೆಗೀತೀರಾ?" ಎಂದು ಕೇಳಿದರು. ತೆಗೀತೀವಿ ಎಂದೆವು. "ಅಂಗಾದ್ರೆ ಸರಿ."

ಮನೆಯ ಹಾಲಿನಲ್ಲಿ ಸೋಫಾ ಎಳೆದು ಇಬ್ಬರನ್ನೂ ಪಕ್ಕಪಕ್ಕ ಕೂರಿಸಿದೆವು. ಮುನಿರಾಜು ಅವರ ಅಂಗಿ ಕಾಲರಿಗೂ ಮೇಡಮ್ಮಿನ ಸೆರಗಿಗೂ ಒಂದೊಂದು ಪುಟ್ಟ ಮೈಕು. ಮುನಿರಾಜು ಹೊಸ ಶರ್ಟು ಹಾಕಿ, ಮಡಚದ ರಟ್ಟಿನ ಹಾಳೆಗಳ ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಮೊದಲು ಅವರೇ ಮಾತಾಡಿದರು, ಚೆನ್ನಾಗಿ ಮಾತಾಡಿದರು. "ಮೊದ್ಲು ಕಿವಿ ಮಡ್ಚಬೇಕು. ಕಿವಿ ಮಡ್ಚಿಲ್ಲ ಅಂದ್ರೆ ತಳ ಕಿತ್ಕೊಂಡ್ ಓಯ್ತದೆ. ಕೇಕು ಕೆಳಕ್ಕೆ. ಬರ್ತ್‌ಡೇ ಆಳು."

ಆಮೇಲೆ ಡೈರೆಕ್ಟರ್ ಮೇಡಮ್ಮಿನ ಕಡೆ ತಿರುಗಿ ಆ ಪ್ರಶ್ನೆ ಕೇಳಿದರು. ಇಂಥ ಸಿನಿಮಾಗಳ ಕೊನೆಯಲ್ಲಿ ತಪ್ಪದೆ ಬರುವ ಪ್ರಶ್ನೆ: ನಿಮ್ಮ ನಂತರ ಇವರಿಗೆ ಯಾರು?

ಟೆರೇಸಿನಲ್ಲಿ ಈ ಪ್ರಶ್ನೆ ಪರದೆಯ ಮೇಲೆ ಬಂದಾಗಲೆಲ್ಲ ಮೇಡಮ್ "ಫೌಲ್" ಎಂದು ಕೂಗುತ್ತಿದ್ದರು. ಸೀಟಿಯ ಸದ್ದಿಗಾಗಿ ನಾನು ಕಾದೆ. ಅವರು ಊದಲಿಲ್ಲ. ಉತ್ತರ ಕೊಟ್ಟರು. ಎರಡು ವರ್ಷದ ಹಿಂದೆ ತಮ್ಮದೇ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆಂದು, ಡಾಕ್ಟರು ಹುಷಾರು ಎಂದಿದ್ದಾರೆಂದು, ರಾಜಾನುಕುಂಟೆಯ ಆಚೆ ಒಂದು ವಸತಿಗೃಹ ನೋಡಿ ಮುನಿರಾಜು ಹೆಸರು ಬರೆಸಿ ಬಂದಿದ್ದೇನೆಂದು, ಅಲ್ಲಿ ನರ್ಸು ಇದ್ದಾರೆ, ತೋಟ ಇದೆ, ಹಸು ಇದಾವೆ ಎಂದು. ಯಾರಿಗೂ ಹೇಳಿರದ ಮಾತು ಒಮ್ಮೆ ಬಾಯಿಗೆ ಬಂದ ಮೇಲೆ ನಿಲ್ಲಲಿಲ್ಲ. ಪಕ್ಕದಲ್ಲಿ ಮುನಿರಾಜು ಡಬ್ಬ ಮಡಚುವುದನ್ನು ನಿಲ್ಲಿಸಿದ್ದರು. ಅದು ನನ್ನ ಕಣ್ಣಿಗೆ ಬಿತ್ತು. ಆದರೆ ನಾನು ಮೇಡಮ್ಮಿನ ಮಾತು ಕೇಳುತ್ತಿದ್ದೆ. ಎಲ್ಲರೂ ಅವರನ್ನೇ ಕೇಳುತ್ತಿದ್ದೆವು.

ಮಾತನ್ನೆಲ್ಲ ಅಕ್ಷರಕ್ಕಿಳಿಸುವುದು ಆಫೀಸಿನಲ್ಲಿ ನನ್ನ ಕೆಲಸ. ಎರಡು ಮೈಕು, ಎರಡು ಟ್ರ್ಯಾಕು. "ಕೊನೆ ಭಾಗದಲ್ಲಿ ಮುನಿರಾಜು ಟ್ರ್ಯಾಕ್ ಬಿಡು, ಬರೀ ಉಸಿರಾಟ," ಎಂದಿದ್ದರು ಡೈರೆಕ್ಟರ್. ಬಿಡುತ್ತಿದ್ದೆ. ಆದರೆ ಯಾರಾದರೂ ಏನೂ ಇಲ್ಲ ಎಂದರೆ ಇದೆ ಎಂದು ವಾದಿಸುವುದು ನನ್ನ ಚಟ. ಮೇಡಮ್ಮಿನ ಟ್ರ್ಯಾಕಿನ ಸದ್ದು ಅಡಗಿಸಿ ಇವರದ್ದೊಂದನ್ನೇ ಹಾಕಿದೆ.

ಉಸಿರಾಟ. ರಟ್ಟಿನ ಸರಪರ. ಆಮೇಲೆ, ಗಂಟಲೊಳಗೇ ಆಡಿದಂತೆ: "ನಾ ಓಗಲ್ಲ."

ಮತ್ತೆ ಉಸಿರಾಟ. ನಾಲ್ಕು ನಿಮಿಷದ ನಂತರ ಇನ್ನೊಮ್ಮೆ: "ನಾ ಓಗಲ್ಲ." ಕೊನೆಯಲ್ಲಿ, "ಅಕ್ಕ. ನಾ ಓಗಲ್ಲ ಅಕ್ಕ."

ಚಿತ್ರ ನೋಡಿದೆ. ಮೂರನೇ ಸಲ ಅವರು ಹಾಗೆಂದಾಗ ಮೇಡಮ್ ಮಾತು ನಿಲ್ಲಿಸದೆ, ತಿರುಗಿಯೂ ನೋಡದೆ, ಅಂಗೈ ಕೆಳಮುಖ ಮಾಡಿ ತಮ್ಮನ ಮಂಡಿಯ ಮೇಲೆ ಇಟ್ಟರು. ಮೈದಾನದಲ್ಲಿ ಸಾಲುಸಾಲು ಮಕ್ಕಳನ್ನು ಕೂರಿಸುವಾಗ ಮಾಡುವ ಸನ್ನೆ. ಇರು.

ನಾನು ಚೀಲದಿಂದ ಎಡಗೈ ವಾಚು ತೆಗೆದೆ. ಆ ಪ್ರಶ್ನೆಯ ನಂತರ ಮೇಡಮ್ ಮಾತಾಡಿದ್ದು ಇಪ್ಪತ್ತಾರು ನಿಮಿಷ. ಮುನಿರಾಜು ಆರು ಸೆಕೆಂಡು.

ನನಗೆ ಮೊದಲು ಬಂದದ್ದು ಮರುಕವಲ್ಲ, ಗೆಲುವು. ಮೇಡಮ್ಮಿನ ವಾದದಲ್ಲಿ ಒಂದು ವರ್ಷದಿಂದ ಹುಡುಕುತ್ತಿದ್ದ ಬಿರುಕು ಸಿಕ್ಕಿತ್ತು. ಮರುದಿನವೇ ಲ್ಯಾಪ್‌ಟಾಪ್ ಹಿಡಿದು ಕೊಡಿಗೇಹಳ್ಳಿಗೆ ಹೋದೆ. ಮೇಡಮ್ ಟೆರೇಸಿನಲ್ಲಿ ಕುರ್ಚಿ ಜೋಡಿಸುತ್ತಿದ್ದರು. ಹೆಡ್‌ಫೋನ್ ಅವರ ಕಿವಿಗೆ ಹಾಕಿ ಗುಂಡಿ ಒತ್ತಿದೆ.

ಅವರು ಕೇಳಿದರು. ಜಕ್ಕೂರಿನ ಏರ್‌ಫೀಲ್ಡ್ ಕಡೆಯಿಂದ ಒಂದು ಪುಟ್ಟ ವಿಮಾನ ತಲೆಯ ಮೇಲೆ ಹಾದು ಹೋಯಿತು. "ಇನ್ನೊಂದ್ಸಲ ಹಾಕು," ಅಂದರು. ಹಾಕಿದೆ. ಮೂರನೇ ಸಲಕ್ಕೆ ಸೊಂಟದಿಂದ ಬಲಗೈ ವಾಚು ತೆಗೆದು ತಾವೇ ಒತ್ತಿದರು.

"ಆರು ಸೆಕೆಂಡು," ಎಂದೆ.

"ಐದು ಮುಕ್ಕಾಲು." ವಾಚನ್ನು ನನಗೆ ತೋರಿಸಿದರು. "ಗೆದ್ದೆ ಅನ್ಸ್ತಾ ಇದ್ಯಾ ಡಿಬೇಟು?"

ಸುಳ್ಳು ಹೇಳಲಾಗಲಿಲ್ಲ. "ಹೂಂ."

"ಅನ್ಸ್ಲಿ. ಗೆದ್ದಿದೀಯ." ಹೆಡ್‌ಫೋನನ್ನು ಸುತ್ತಿ ನನ್ನ ಕೈಗಿಟ್ಟರು. "ಪ್ರಪಂಚದ ಅಮ್ಮಂದಿರನ್ನೆಲ್ಲ ಈ ಶೀಟಿನ ಕೆಳಗೆ ನಿಲ್ಸಿ ಬೈದೆ ಕಣೇ ನಾನು."

ಆಗ ನನ್ನ ಗೆಲುವು ಎಲ್ಲಿ ಹೋಯಿತೋ ಗೊತ್ತಿಲ್ಲ. ಏನಾದರೂ ಸಮಾಧಾನ ಹೇಳೋಣವೆಂದರೆ ಅವರು ಆಗಲೇ ಮೆಟ್ಟಿಲಿಳಿಯುತ್ತಿದ್ದರು. ಹಿಂದೆಯೇ ಓಡಿದೆ. ನೇರ ಬೇಕರಿ. ಗಿರಾಕಿಗಳ ನಡುವೆ ನಿಂತೇ ಕೇಳಿದರು: "ಲೋ ಮುನಿ. ನಾನಿಲ್ದಾಗ ಎಲ್ಲಿರ್ತೀಯ?"

ಮುನಿರಾಜು ತಲೆ ಎತ್ತಲಿಲ್ಲ. "ಮನೇಲಿ."

"ಒಬ್ನೇ?"

"ನೀನ್ ಇಲ್ದಿದ್ರೆ ಒಬ್ನೇ ತಾನೆ?"

"ಅಲ್ಲಿ ಹಸು ಇದಾವಲ್ಲೋ. ತೋಟ ಐತೆ."

"ಡಬ್ಬ ಯಾರ್ ಮಡುಸ್ತಾರೆ?"

"ಗ್ಯಾಸ್ ಯಾರೋ ಅಚ್ತಾರೆ?" ಮೇಡಮ್ಮಿನ ಹಕಾರ ಹೊರಟುಹೋಗಿತ್ತು.

ಅದಕ್ಕೆ ಮುನಿರಾಜು ಕೈ ನಿಲ್ಲಿಸಿ ಅಕ್ಕನನ್ನು ನೋಡಿದರು. "ಏಳ್ಕೊಟ್ರೆ ನಾನೇ ಅಚ್ತೀನಿ. ನೀನು ಏಳ್ಕೊಟ್ಟೇ ಇಲ್ಲ."

ಮರುದಿನದಿಂದ ಡ್ರಿಲ್ ಶುರುವಾಯಿತು. ಬೇರೆ ಹೆಸರಿಲ್ಲ ಅದಕ್ಕೆ. ಗ್ಯಾಸ್ ಹಚ್ಚು, ಆರಿಸು, ರೆಗ್ಯುಲೇಟರ್ ತಿರುಗಿಸು: ಇಪ್ಪತ್ತು ಸಲ. ಬಾಗಿಲು ಹಾಕು, ಬೀಗ ಎಳೆದು ನೋಡು. ಫೋನಿನಲ್ಲಿ ಒಂದನ್ನು ಒತ್ತಿ ಹಿಡಿದರೆ ಮೇಡಮ್, ಎರಡು ಚಿಕ್ಕಕ್ಕ, ಮೂರು ಶಾಹಿದಾ ಆಪಾ. ಚಿಕ್ಕಕ್ಕ ಅಂದರೆ ದೊಡ್ಡಬಳ್ಳಾಪುರದಲ್ಲಿರುವ ಮೇಡಮ್ಮಿನ ತಂಗಿ. ಎಲ್ಲದಕ್ಕೂ ಸ್ಟಾಪ್‌ವಾಚು. ಅನ್ನ ಸೀದಾಗ ಮೇಡಮ್ ಬೈದರು. ಮುನಿರಾಜು ತಟ್ಟೆ ಎತ್ತಿ ಗೋಡೆಗೆ ಎಸೆದರು. ಸ್ಟೀಲಿನದು, ಏನೂ ಆಗಲಿಲ್ಲ. "ಸಿನಿಮಾ ನೋಡಿ ಕೆಟ್ಟೋದ," ಎಂದರು ಮೇಡಮ್, ಒಂಥರಾ ಹೆಮ್ಮೆಯಿಂದ.

ಆಮೇಲೆ ಮೇಡಮ್ ಮನೆ ಬಿಟ್ಟು ಹೋಗುವುದನ್ನು ಅಭ್ಯಾಸ ಮಾಡಿದರು. ಮೊದಲು ಒಂದು ಮಧ್ಯಾಹ್ನ. ಆಮೇಲೆ ಒಂದು ದಿನ, ಮೂರು ದಿನ, ಒಂದು ವಾರ. ತಂಗಿಯ ಮನೆಯಲ್ಲಿ ಕೂತಲ್ಲಿ ಕೂರದೆ ಗಂಟೆಗೊಮ್ಮೆ ನನಗೆ ಫೋನ್ ಮಾಡುತ್ತಿದ್ದರು. "ಅವನಿಗೆ ಮಾಡಲ್ಲ. ಮಾಡಿದ್ರೆ ಡ್ರಿಲ್ ಕೆಡತ್ತೆ. ನೀನು ಬೇಕರಿ ಮುಂದೆ ಹಾದು ಹೋಗು. ಮಾತಾಡಿಸ್ಬೇಡ. ಗುಂಡಿ ಹಾಕಿದಾನಾ ನೋಡು."

ಈಗ ಚೀಟಿ ಅದಲುಬದಲಾಗಿತ್ತು. ನಾನು ವಿರೋಧ ಪಕ್ಷ. "ಮೇಡಮ್, ಒಂದು ಮಾತು 'ಓಗಲ್ಲ' ಅಂದಿದ್ದಕ್ಕೆ ಇಷ್ಟು ದೊಡ್ಡ ಅಪಾಯ ತಗೋಬೋದಾ? ಜ್ವರ ಬಂದ್ರೆ? ಯಾರಾದ್ರೂ ಮೋಸ ಮಾಡಿದ್ರೆ? ಅವರ ಇಷ್ಟ ಅನ್ನೋದು ಅವರ ಕ್ಷೇಮಕ್ಕಿಂತ ದೊಡ್ಡದಾ?"

"ನೀನೇ ತಾನೆ ಕೇಳ್ಸಿದ್ದು?"

"ಕೇಳ್ಸಿದ್ದು ನಾನು. ಆದ್ರೆ..."

"ಕೇಳಿಸ್ಕೊಂಡ್ಮೇಲೆ ಕೇಳಿಸ್ಲಿಲ್ಲ ಅನ್ನೋದು ಹೆಂಗೆ? ಅದನ್ನ ಹೇಳ್ಕೊಡು."

ಇವತ್ತಿಗೂ ನಾನು ಪೂರ್ತಿ ಒಪ್ಪಿಲ್ಲ. ಅಪಾಯ ಇತ್ತು, ಇದೆ.

ಡೈರೆಕ್ಟರಿಗೆ ಆ ಟ್ರ್ಯಾಕ್ ಕೇಳಿಸಿದ್ದೂ ನಾನೇ. ಅವರ ಕಣ್ಣು ತುಂಬಿತು. "ಇದೇ ಕ್ಲೈಮ್ಯಾಕ್ಸು," ಅಂದರು. ಕೊಳಲು ಅವರ ಮುಖದ ಮೇಲೇ ಕಾಣುತ್ತಿತ್ತು. ಮೇಡಮ್ಮಿನ ಹತ್ತಿರ ಹೋದೆವು. "ದನಿ ನಂದಲ್ಲ," ಎಂದು ಅವರು ತಮ್ಮನನ್ನು ಕರೆದರು. ಮುನಿರಾಜು ಹೆಡ್‌ಫೋನ್ ಹಾಕಿ ಕೇಳಿದರು. ತಮ್ಮದೇ ದನಿಗೆ ಮೊದಲು ನಕ್ಕರು. ಆಮೇಲೆ ನಗು ಹೋಯಿತು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

"ಇದು ಅಕ್ಕಂಗೆ ಏಳಿದ್ದು. ಸಿನಿಮಾಗಲ್ಲ."

ಡೈರೆಕ್ಟರ್ ಮೇಡಮ್ಮಿನ ಕಡೆ ತಿರುಗಿದರು. "ನೀವಾದ್ರೂ ಸ್ವಲ್ಪ ಹೇಳಿ ಮೇಡಮ್." ಮೇಡಮ್ ಅಂಗೈ ಕೆಳಮುಖ ಮಾಡಿ ಅವರಿಗೆ ತೋರಿಸಿದರು.

ಕೊನೆಗೆ ಉಳಿದದ್ದು ಹದಿನಾಲ್ಕು ನಿಮಿಷದ ಸಿನಿಮಾ. ಅದರ ತುಂಬ ಡಬ್ಬ. ಅರ್ಧ ಕೆ.ಜಿ., ಒಂದು ಕೆ.ಜಿ., ಎರಡು ಕೆ.ಜಿ. ಟೆರೇಸಿನಲ್ಲಿ ಹಾಕಿದಾಗ ನನ್ನ ಎಡಗೈ ವಾಚಿಗೆ ಕೆಲಸವೇ ಇರಲಿಲ್ಲ. ನಲವತ್ತು ಸೆಕೆಂಡು, ಅದೂ ಬೇಕರಿ ಓನರದ್ದು. ಮಿಕ್ಕ ಮಾತೆಲ್ಲ ಮುನಿರಾಜು ಅವರದ್ದೇ. ಯಾವ ಚಿತ್ರೋತ್ಸವವೂ ಅದನ್ನು ತೆಗೆದುಕೊಳ್ಳಲಿಲ್ಲ. "ಸ್ವಲ್ಪ ಬೋರು," ಎಂದರು ಮೇಡಮ್. "ಆದ್ರೆ ಫೌಲ್ ಇಲ್ಲ."

ಮುನಿರಾಜು ಅಷ್ಟೂ ಹೊತ್ತು ಕೂತು ನೋಡಿ, "ಫೈಟ್ ಇಲ್ಲ," ಅಂದರು.

ಪ್ರಾಮಾಣಿಕವಾದದ್ದು ಬೋರಾಗಿಯೇ ಇರಬೇಕಾ ಎಂದು ನಾನು ಅವತ್ತು ಸಂಜೆ ಮೇಡಮ್ಮಿನ ಜೊತೆ ಜಗಳ ತೆಗೆದೆ. ಅದು ಮುಗಿಯಲೇ ಇಲ್ಲ. ಗೇಟಿನ ತನಕ ಬಂದು, ಆಟೋ ನಿಲ್ಲಿಸಲು ಸೀಟಿ ಊದಿ, "ಮಿಕ್ಕಿದ್ದು ಭಾನುವಾರ," ಅಂದರು.

ಆ ಭಾನುವಾರ ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ವಾಕ್ ಮುಗಿಸಿ ಬಂದು ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದವರು ಹಾಗೇ ಗೋಡೆಗೆ ಒರಗಿದರಂತೆ. ಮುನಿರಾಜು ಮೂರನ್ನು ಒತ್ತಿ ಹಿಡಿದರು. ಶಾಹಿದಾ ಆಪಾ ಓಡಿ ಬಂದರು. ಆಮೇಲೆ ಎರಡು ಒತ್ತಿ ಚಿಕ್ಕಕ್ಕನಿಗೆ ಹೇಳಿದರು. ಒಲೆಯ ಮೇಲೆ ಅಕ್ಕನ ಚಹಾ ಇಟ್ಟಿದ್ದರು. ಹೋಗಿ ಗ್ಯಾಸ್ ಆರಿಸಿ, ರೆಗ್ಯುಲೇಟರ್ ತಿರುಗಿಸಿ ಬಂದರು. ಇದನ್ನು ಆಪಾ ನನಗೆ ಹೇಳಿದ್ದು. "ಸಬ್ ಠೀಕ್ ಕರ್ಯಾ ಬಚ್ಚಾ," ಎಲ್ಲ ಸರಿಯಾಗಿ ಮಾಡಿದ ಮಗು ಎಂದವರು ತಕ್ಷಣ ತಮ್ಮನ್ನು ತಾವೇ ತಿದ್ದಿಕೊಂಡರು. "ಮುನಿ ಭಾಯ್."

ಹನ್ನೊಂದನೇ ದಿನದ ತಿಥಿಗೆ ಹೋದೆ. ಊಟವಾದ ಮೇಲೆ ಹಾಲಿನಲ್ಲಿ ನೆಂಟರು ಕೂತರು. ಚಿಕ್ಕಕ್ಕ, ಅವರ ಗಂಡ, ಇನ್ನೂ ಐದಾರು ಜನ. ಮುನಿರಾಜು ನನ್ನ ಪಕ್ಕ ಚಾಪೆಯ ಮೇಲೆ.

"ರಾಜಾನುಕುಂಟೇಲಿ ಅಕ್ಕನೇ ಹೆಸರು ಬರ್ಸಿದ್ಲಂತೆ," ಎಂದರು ಚಿಕ್ಕಕ್ಕ. "ಮುಂದಿನ ತಿಂಗಳೇ ಜಾಗ ಐತೆ ಅಂದ್ರು. ಅವಳ ಆಸೆ ಅದೇ ಇತ್ತು ಅಂದ್ಮೇಲೆ..."

"ಅವನಿಗೇನು ಗೊತ್ತಾಗತ್ತೆ, ನಾಲ್ಕು ದಿನ ಅಳ್ತಾನೆ, ಆಮೇಲೆ ಒಗ್ಗತ್ತೆ," ಎಂದರು ಅವರ ಗಂಡ.

ನನ್ನ ಬಳಿ ಎಲ್ಲ ಇತ್ತು. ಟ್ರ್ಯಾಕು, ಡ್ರಿಲ್, ತಾರೀಖುಗಳು, ಒಂದು ವಾರ ಒಬ್ಬರೇ ಇದ್ದದ್ದು, ಆ ಶುಕ್ರವಾರದ ಬೆಳಿಗ್ಗೆ. ಅಂಶ ಒಂದು, ಅಂಶ ಎರಡು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಜೀವಮಾನದ ಅತ್ಯುತ್ತಮ ಭಾಷಣ ಅದಾಗುತ್ತಿತ್ತು. ಏಳಲು ಕೈ ಊರಿ, "ನೋಡಿ, ಮುನಿರಾಜು ಅವರು," ಎಂದು ಶುರು ಮಾಡಿದೆ.

ನನ್ನ ಮಂಡಿಯ ಮೇಲೆ ಒಂದು ಅಂಗೈ ಬಂದು ಕೂತಿತು. ಕೆಳಮುಖವಾಗಿ.

"ಇರು," ಅಂದರು ಮುನಿರಾಜು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಚಿಕ್ಕಕ್ಕ. ನಾ ಓಗಲ್ಲ."

ಚಿಕ್ಕಕ್ಕ ಅವರ ಕಡೆ ತಿರುಗಿದರು.

"ಗ್ಯಾಸ್ ಬರ್ತದೆ. ಬೀಗ ಬರ್ತದೆ. ಅನ್ನ ಬರ್ತದೆ, ಸಾರು ಬರಲ್ಲ. ಸಾರು ಆಪಾ ಕೊಡ್ತಾರೆ. ಬೆಳಿಗ್ಗೆ ಬೇಕರಿ ಐತೆ." ಉಸಿರು ತೆಗೆದುಕೊಂಡರು. "ಅಕ್ಕ ಮೊದ್ಲು ಓಗು ಅಂದ್ಲು. ಆಮೇಲೆ ಕೇಳಿದ್ಲು. ನೀನೂ ಕೇಳು."

ಚಿಕ್ಕಕ್ಕ ಸೆರಗನ್ನು ಬಾಯಿಗೆ ಹಿಡಿದುಕೊಂಡರು. ಕೊನೆಗೆ, "ಮೂರು ತಿಂಗಳು ನೋಡಾಣ," ಅಂದರು.

ಈಗ ಐದನೇ ತಿಂಗಳು. ಮುನಿರಾಜು ಅದೇ ಮನೆಯಲ್ಲಿದ್ದಾರೆ. ಎಲ್ಲ ಸುಗಮ ಎಂದರೆ ಅದೂ ಕೊಳಲು ಊದಿದಂತೆ. ಒಮ್ಮೆ ಎರಡು ದಿನ ಜ್ವರ ಇದ್ದದ್ದನ್ನು ಯಾರಿಗೂ ಹೇಳಲಿಲ್ಲ. ಬಲಗೈ ವಾಚಿನಲ್ಲಿ ಈಗ ಮೊಟ್ಟೆ ಬೇಯಿಸುತ್ತಾರೆ. ರಾಜಾನುಕುಂಟೆಯ ಪಟ್ಟಿ ಇದೆ, ಅದರಲ್ಲಿ ಅವರ ಹೆಸರೂ ಇದೆ. ಚಿಕ್ಕಕ್ಕ ಅದನ್ನು ಇನ್ನೂ ಹೊಡೆದುಹಾಕಿಸಿಲ್ಲ. ನನಗೆ ಆ ಹೆಸರಿನ ಯೋಚನೆ ಬಂದಾಗಲೆಲ್ಲ ಆಫೀಸಿನಲ್ಲಿ ಕೂರಲಾಗದೆ ಎದ್ದು ಗೋಡೆಯಿಂದ ಗೋಡೆಗೆ ನಡೆಯುತ್ತೇನೆ.

ಈ ಬರಹವನ್ನು ಹೋದ ವಾರ ಬೇಕರಿಯಲ್ಲಿ ಅವರ ಪಕ್ಕ ಸ್ಟೂಲಿನ ಮೇಲೆ ಕೂತು ಪೂರ್ತಿ ಓದಿದೆ. ಡಬ್ಬ ಮಡಚುತ್ತಲೇ ಕೇಳಿದರು. ತಟ್ಟೆ ಎಸೆದದ್ದು ಬಂದಾಗ, "ಇನ್ನೊಂದ್ ಕಿತ," ಅಂದರು. ಟ್ರ್ಯಾಕಿನ ಮಾತು ಬಂದಾಗ ನಾನೇ ನಿಲ್ಲಿಸಿದೆ. "ಇದು ಅಕ್ಕಂಗೆ ಹೇಳಿದ್ದು ಅಂದಿದ್ರಿ. ತೆಗೆದುಬಿಡ್ಲಾ?"

ಯೋಚಿಸಿದರು. ಎರಡು ಡಬ್ಬ ಮಡಚುವಷ್ಟು ಹೊತ್ತು.

"ಬೇಡ, ಬರಿ. ಈಗ ಅಕ್ಕ ಇಲ್ಲ. ಈಗ ಎಲ್ಲಾರ್ಗೂ ಏಳ್ಬೇಕು."

ಓದಿ ಮುಗಿಸಿದೆ. ಸರಿಯಾ ಎಂದು ಕೇಳಿದೆ. ಅವರು ನನ್ನ ಹಾಳೆಗಳನ್ನು ತೆಗೆದುಕೊಂಡು, ಮೊದಲ ಪುಟದಲ್ಲಿ ನಾನು ದೊಡ್ಡದಾಗಿ ಬರೆದಿದ್ದ ಮೇಡಮ್ಮಿನ ಹೆಸರಿನ ಮೇಲೆ ಬೆರಳಿಟ್ಟರು. ಆ ಹೆಸರನ್ನು ಓದಲು ಅವರಿಗೆ ಬರುತ್ತದೆ.

"ಇದು ತೆಗಿ."

"ಯಾಕೆ? ಅವರ ಬಗ್ಗೆನೇ ಅಲ್ವಾ ಬರ್ದಿರೋದು? ಹೆಸರಿದ್ರೆ ತಾನೆ ಜನಕ್ಕೆ ಗೊತ್ತಾಗೋದು?" ಇನ್ನೂ ನಾಲ್ಕು ಕಾರಣ ನಾಲಿಗೆಯ ತುದಿಯಲ್ಲಿದ್ದವು.

"ಅಕ್ಕನ್ನ ಕೇಳಿದ್ಯಾ?"

"ಇಲ್ಲ."

"ಮತ್ತೆ?"

ಕಾಯುತ್ತ ಕೂತರು. ಕೌಂಟರಿನ ಹುಂಡಿ ಡಬ್ಬದ ಪಕ್ಕ ಒಂದು ಪೆನ್ನು ಇತ್ತು. ತೆಗೆದುಕೊಂಡು ಹೆಸರು ಹೊಡೆದುಹಾಕಿದೆ. ಅವರು ಬಗ್ಗಿ ನೋಡಿ, ಕಾಣಿಸುತ್ತಿದ್ದ ಎರಡು ಅಕ್ಷರದ ಮೇಲೆ ಮತ್ತೆ ಬೆರಳಿಟ್ಟರು. ಅದನ್ನೂ ಹೊಡೆದೆ.